ಫೈಲಣ್ಣನೂ ಹೊಸ ಬೀರುಗಳೂ

ರೆಕಾರ್ಡ್ ರೂಮಿನ ಫೈಲಣ್ಣನಿಗೆ ಪಟ್ಟಿ ಬರೆದಿಡುವುದೆಂದರೆ ಅವಮಾನ. “ಸೊಟ್ಟ ಬಾಗಿಲಿನ ಬೀರು, ಕೆಳಗಿನ ಅರೆ, ಹಲ್ಲಿ ಮೊಟ್ಟೆ ಇಟ್ಟಿತ್ತಲ್ಲ, ಅದರ ಪಕ್ಕ” ಎಂದು, ಯಾವ ಫೈಲು ಕೇಳಿದರೂ ಕೂತಲ್ಲಿಂದಲೇ ಹೇಳುತ್ತಿದ್ದ. ನೆನಪಿಸಲು ಮೊಬೈಲಿನ ಅಲಾರಂ ಬಡಿದುಕೊಂಡರೂ ಊಟದ ಡಬ್ಬಿ ಮರೆತು ಬರುವ ಹೊಸ ಗುಮಾಸ್ತ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ಒಂದೇ ಅಚ್ಚಿನ ಹೊಸ ಬೀರುಗಳು ಬಂದು ಫೈಲುಗಳೆಲ್ಲ ಹಳೆಯ ಜಾಗ ತಪ್ಪಿ ನಂಬರಿನ ಸಾಲಿಗೆ ಸೇರಿದ್ದೇ ತಡ, ಅಣ್ಣನ ತಲೆ ಬರಿದಾಯಿತು. “ಅರವತ್ತಕ್ಕೆ ಮುಂಚೆನೇ ಅರಳುಮರಳಾ ಅಣ್ಣ?” ಎಂದು ಕಚೇರಿಯವರು ಕಿಚಾಯಿಸಿದರೆ ಅವನೂ ನಗುತ್ತಿದ್ದ. ಆದರೆ ಗಂಡನ ಪಿಂಚಣಿ ಫೈಲಿಗಾಗಿ ಅಲೆಯುತ್ತಿದ್ದ ಹೆಂಗಸು ಮೂರನೇ ಸಲ ಬರಿಗೈಲಿ ಎದ್ದಾಗ ನಗಲಾಗಲಿಲ್ಲ. “ಕೂತಿರಮ್ಮ” ಎಂದವನೇ ಹಿತ್ತಲಿಗೆ ಹೋಗಿ, ಗುಜರಿಗೆಂದು ಎಸೆದಿದ್ದ ಹಳೆಯ ಬೀರುಗಳನ್ನು ಒಂದೊಂದಾಗಿ ತೆರೆದ. ಹಿಡಿ ಕಿತ್ತುಹೋದ ಒಂದರ ಖಾಲಿ ಅರೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ. “ಬರ್ಕೊಳ್ಳೋ” ಎಂದು, ಹಿಂದೆಯೇ ಬಂದಿದ್ದ ಗುಮಾಸ್ತನಿಗೆ, ಆ ಅರೆಯಲ್ಲಿದ್ದ ಹೆಂಗಸಿನ ಗಂಡನ ಫೈಲಿನ ನಂಬರು ಹೇಳತೊಡಗಿದ.