ಏಳು ಡಿಗ್ರಿಗಾಗಿ ಕಾದ ಪಿಕಪ್

ಕತಾರ್‌ನಲ್ಲಿ ಹಿಮ ಬೀಳುತ್ತದೆ. ತಮಾಷೆಗೆ ಹೇಳುತ್ತಿಲ್ಲ, ಕಳೆದ ತಿಂಗಳು ಸಹಿ ಹಾಕಿ ಒಪ್ಪಿಕೊಂಡಿದ್ದೇನೆ. ಅಂದು ಹೊರಗೆ ನಲವತ್ತೈದು ಡಿಗ್ರಿ ಇತ್ತು.

ಆದದ್ದಿಷ್ಟು. ನಮ್ಮ ಕಂಪನಿಯ ಪಿಕಪ್ ಓಡಿಸುವವರು ಮೂಡುಬಿದಿರೆ ಕಡೆಯ ಸಂಜೀವಣ್ಣ. ದಿನಾ ಬೆಳಿಗ್ಗೆ ಐದು ಮಂದಿ ಕೆಲಸಗಾರರನ್ನು ಕೂರಿಸಿಕೊಂಡು ಅಲ್ ಶಮಾಲ್ ಸೈಟಿಗೆ ಹೋಗುವುದು, ಸಂಜೆ ಕರೆತರುವುದು ಅವರ ಕೆಲಸ. ಗಾಡಿಯ ಟಯರುಗಳು ಬಿಸಿಲಿಗೆ ಬಿರುಕು ಬಿಟ್ಟಿದ್ದವು. ಒಂದು ದಿನ ನನ್ನನ್ನು ಪಾರ್ಕಿಂಗಿಗೆ ಕರೆದೊಯ್ದು, ಬಿರುಕಿನೊಳಗೆ ಹೆಬ್ಬೆರಳಿನ ಉಗುರು ಇಳಿಸಿ ತೋರಿಸಿದರು. ಹೈವೇಯಲ್ಲಿ ಇದು ಸಿಡಿದರೆ ಆರು ಮನೆಗಳಿಗೆ ಫೋನ್ ಮಾಡಬೇಕಾದವರು ನೀವೇ ಎಂದರು. (ನಾನು ಕಂಪನಿಯ ಫೈಲು, ಪತ್ರವ್ಯವಹಾರ ನೋಡಿಕೊಳ್ಳುವವನು. ಹಿಂದೆ ಊರಿನಲ್ಲಿ ಪತ್ರಿಕೆಯ ಡೆಸ್ಕಿನಲ್ಲಿದ್ದೆ. ಕೆಟ್ಟ ಸುದ್ದಿಯನ್ನು ತಪ್ಪಿಲ್ಲದೆ ಹೇಳಬಲ್ಲೆ ಎಂಬ ನಂಬಿಕೆ ಇಲ್ಲಿ ಎಲ್ಲರಿಗೂ ಇದೆ.)

ಟಯರ್ ಬೇಕಾದರೆ ಅಂಗಡಿಗೆ ಹೋಗುವುದು ನಿಮ್ಮ ಪದ್ಧತಿ. ಕಂಪನಿಗೆ ಫಾರ್ಮ್ ಬೇಕು. ನಮ್ಮ ಹೆಡ್ ಆಫೀಸು ವರ್ಷದ ಅರ್ಧಭಾಗ ಹಿಮದಲ್ಲಿ ಹೂತಿರುವ ದೇಶದಲ್ಲಿದೆ. ಫಾರ್ಮ್ ಬಂದದ್ದೂ ಅಲ್ಲಿಂದಲೇ. ಪರ್ಚೇಸ್ ನೋಡುವ ಲೋಬೊ ಅದನ್ನು ಗಟ್ಟಿಯಾಗಿ ಓದಿದರು. ಅಳತೆ. ಭಾರ. ಆಮೇಲೆ 'ಸ್ನೋ ಟ್ರ್ಯಾಕ್ಷನ್'. ಅಂದರೆ ಹಿಮದ ಮೇಲೆ ಟಯರಿಗೆ ಎಷ್ಟು ಹಿಡಿತವಿದೆ ಎಂದು. ಉತ್ತಮ, ಸಾಧಾರಣ, ಕಳಪೆ. ಒಂದಕ್ಕೆ ಟಿಕ್ ಹಾಕಬೇಕು. 'ಉತ್ತಮ' ಅಲ್ಲದ ಟಯರನ್ನು ಕೊಳ್ಳುವಂತಿಲ್ಲ.

ಬಿಸಿಲಿಗೆ ಕಾಲಂ ಇರಲಿಲ್ಲ.

"ಸ್ನೋ ಅಂದ್ರೆ ಮುಖಕ್ಕೆ ಹಚ್ಚುವುದಲ್ವಾ ಸರ್?" ಸಂಜೀವಣ್ಣ ಕೇಳಿದರು. "ಅದಾದ್ರೆ ನನ್ನ ರೂಮಲ್ಲೇ ಒಂದು ಡಬ್ಬಿ ಉಂಟು. ಹಳೇ ಟಯರಿಗೇ ಹಚ್ಚಿ ಕೊಡ್ಲಾ?"

ಲೋಬೊ ನಗಲಿಲ್ಲ. ಹದಿನೆಂಟು ವರ್ಷ ಪರ್ಚೇಸ್‌ನಲ್ಲಿ ಕೂತವರು ಫಾರ್ಮ್ ಎದುರು ನಗುವುದಿಲ್ಲ. ಮದೀನತ್ ಖಲೀಫಾದ ಒಂದು ಟಯರ್ ಅಂಗಡಿಗೆ ಫೋನ್ ಮಾಡಿದರು. ಅಂಗಡಿಯ ಮಲಯಾಳಿ, ಮರಳಿಗೂ ಬಿಸಿಲಿಗೂ ಒಗ್ಗುವ ಟಯರ್ ಇದೆ, ಗಾಡಿ ತಂದರೆ ಅರ್ಧ ಗಂಟೆಯ ಕೆಲಸ ಎಂದ. ಹಿಮದಲ್ಲಿ ಹಿಡಿತ ಹೇಗೆ? ಆತ ಪ್ರಶ್ನೆಯನ್ನು ಎರಡು ಸಲ ಕೇಳಿಸಿಕೊಂಡ. ಆಮೇಲೆ, ಅಂಥದ್ದು ಬೇಕಿದ್ದರೆ ಹೊರದೇಶದಿಂದ ತರಿಸಬೇಕು, ಮೂರು ವಾರ ಹಿಡಿಯುತ್ತದೆ ಎಂದ. ಬೇಕೆಂದು ಬಂದ ಗಿರಾಕಿಯ ಜೊತೆ ಯಾವ ವ್ಯಾಪಾರಿ ವಾದ ಮಾಡುತ್ತಾನೆ?

ಸಮಿತಿ ಸೇರಿತು. ಮ್ಯಾನೇಜರ್, ಲೋಬೊ, ನಾನು. ಮೀಟಿಂಗ್ ರೂಮಿನ ಎಸಿ ಹೇಗಿತ್ತೆಂದರೆ, ಹಿಮ ಬಿದ್ದರೂ ಬೀಳಬಹುದು ಎಂದು ನನಗೂ ಅನಿಸಿತು. ಹೈದರಾಬಾದಿನವರಾದ ಮ್ಯಾನೇಜರ್ ವಾಚು ನೋಡುತ್ತಾ "ಯಲ್ಲಾ, ಯಲ್ಲಾ" ಎಂದು ಅವಸರಿಸಿದರು. ನಾನು ನಡಾವಳಿ ಬರೆದೆ: 'ಹಿಮದ ಮೇಲಿನ ಹಿಡಿತವನ್ನು ಸಮಿತಿ ಪರಿಶೀಲಿಸಿತು. ತೃಪ್ತಿಕರ.' ಮೂರು ಸಹಿ ಬಿತ್ತು. ಮೂವರಲ್ಲಿ ಒಬ್ಬರೂ ಫ್ರೀಜರಿನ ಹೊರಗೆ ಹಿಮ ಕಂಡವರಲ್ಲ.

ಮುಂದಿನ ಮೂರು ವಾರ ಸಂಜೀವಣ್ಣ ಬಿರುಕಿನ ಟಯರಿನಲ್ಲೇ ಓಡಿಸಿದರು. ಸಿಡಿಯಲಿಲ್ಲ. ಅದು ಸಮಿತಿಯ ಸಾಧನೆಯಲ್ಲ.

ಹೊಸ ಟಯರುಗಳು ಬಂದವು. ನೋಡಲು ಚೆಂದ. ಪಕ್ಕದಲ್ಲಿ ಪುಟ್ಟ ಬೆಟ್ಟ, ಅದರೊಳಗೆ ಹಿಮದ ಹರಳಿನ ಚಿತ್ರ. ಎರಡನೇ ದಿನ ಸಂಜೆ ಸಂಜೀವಣ್ಣ ನನ್ನ ಟೇಬಲ್ಲಿಗೆ ಬಂದರು. ಬ್ರೇಕ್ ಒತ್ತಿದರೆ ಗಾಡಿ ಬೆಣ್ಣೆಯ ಮೇಲೆ ನಿಂತ ಹಾಗೆ ಆಗುತ್ತದಂತೆ. ಸಿಗ್ನಲ್ಲಿನಲ್ಲಿ ನೀರಿನ ಟ್ಯಾಂಕರಿನ ಹಿಂದೆ, ಇನ್ನು ಒಂದು ಗೇಣು ಎನ್ನುವಾಗ ನಿಂತಿತಂತೆ. ಟಯರಿನ ಜೊತೆ ಬಂದ ಚೀಟಿಯನ್ನು ಮುಂದಿಟ್ಟು, ಇದರಲ್ಲಿ ಏನಿದೆ ಓದಿ ಹೇಳಿ ಎಂದರು. ಓದಿದೆ. ಮೃದು ರಬ್ಬರು, ಏಳು ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಮಾತ್ರ ಬಳಸಿ, ಬಿಸಿ ರಸ್ತೆಯಲ್ಲಿ ಹಿಡಿತ ಕಡಿಮೆ ಎಂದಿತ್ತು.

ಮರುದಿನ ಪಿಕಪ್ ಹೊರಡಲಿಲ್ಲ.

ಐವರು ಕೆಲಸಗಾರರು ನೆರಳಿನಲ್ಲಿ ಕೂತಿದ್ದರು. ಅತ್ತ ಸೈಟಿನಿಂದ ಫೋನಿನ ಮೇಲೆ ಫೋನ್. ಮ್ಯಾನೇಜರ್ ಕೆಳಗಿಳಿದು ಬಂದು, ಏನು ಸಮಸ್ಯೆ ಎಂದು ಕೇಳಿದರು.

"ಸಮಸ್ಯೆ ಮಾಫಿ ಸರ್, ಏನೂ ಇಲ್ಲ," ಎಂದರು ಸಂಜೀವಣ್ಣ. "ಏಳು ಡಿಗ್ರಿ ಆಗ್ಲಿ, ಹೊರಡ್ತೇನೆ."

ಮ್ಯಾನೇಜರ್ ದನಿ ಏರಿಸಿದರು. ಕೆಲಸ ಬೇಡವಾದರೆ ಹೇಳು, ವೀಸಾ ಖಲಾಸ್ ಮಾಡಿಸಿ ಊರಿಗೆ ಟಿಕೆಟ್ ತೆಗೆಸುತ್ತೇನೆ ಎಂದರು. ಸಂಜೀವಣ್ಣನ ಮುಖ ಸಣ್ಣದಾಯಿತು. ಇಬ್ಬರು ಮಕ್ಕಳ ಓದು ಆ ವೀಸಾದ ಮೇಲೆ ನಿಂತಿರುವುದು ನನಗೆ ಗೊತ್ತು. ಆದರೂ ಅವರು ಕೀ ಎತ್ತಿಕೊಳ್ಳಲಿಲ್ಲ.

"ಈ ಟಯರಲ್ಲಿ ಬಿಸಿಲಿಗೆ ಓಡಿಸು ಅಂತ ಒಂದು ಗೆರೆ ಬರ್ದು ಕೊಡಿ ಸರ್. ನನಗೆ ಬೇಡ. ಇವರು ಐದು ಜನರಿಗೆ ಕೊಡಿ."

ಮ್ಯಾನೇಜರ್ ಬರೆಯಲಿಲ್ಲ. ಹಿಮಕ್ಕೆ ಸಹಿ ಹಾಕಿದ ಕೈ ಬಿಸಿಲಿಗೆ ಹಾಕಲಿಲ್ಲ.

ಹೆಡ್ ಆಫೀಸಿಗೆ ನಾನೇ ಇಮೇಲ್ ಬರೆದೆ. ಇಲ್ಲಿ ಹಿಮವಿಲ್ಲ, ದಯವಿಟ್ಟು ವಿನಾಯಿತಿ ಕೊಡಿ ಎಂದು ವಿನಯದಿಂದ ಕೇಳಿದೆ. ಪರದೇಶದವರ ಮೂರ್ಖತನದ ಬಗ್ಗೆ ಈ ಅಂಕಣಕ್ಕೊಂದು ಒಳ್ಳೆಯ ವಿಷಯ ಸಿಕ್ಕಿತೆಂಬ ಸಂತೋಷವೂ ಇತ್ತು. ಮರುದಿನ ಉತ್ತರ ಬಂತು. ಬಿಸಿ ದೇಶಗಳ ಶಾಖೆಗಳು ಆ ಕಾಲಂನಲ್ಲಿ 'ಅನ್ವಯಿಸುವುದಿಲ್ಲ' ಎಂದು ಬರೆದರೆ ಸಾಕು. ಫಾರ್ಮಿನ ಹಿಂಬದಿಯಲ್ಲಿ ಸೂಚನೆ ಇದೆ, ನೋಡಲಿಲ್ಲವೇ ಎಂದು ಕೇಳಿದ್ದರು.

ಲೋಬೊ ಫಾರ್ಮನ್ನು ತಿರುಗಿಸಿದರು. ಇತ್ತು. ದಪ್ಪ ಅಕ್ಷರದಲ್ಲೇ ಇತ್ತು.

ಬೇರೆಯವರ ಅಲ್ಪವಿರಾಮ ತಿದ್ದುತ್ತಾ ವರ್ಷಗಳನ್ನು ಕಳೆದ ನಾನು ಒಂದು ಹಾಳೆ ಮಗುಚಲಿಲ್ಲ. ಮಗುಚಿದ್ದರೆ ಆರು ಜನ ಮೂರು ವಾರ ಜೀವ ಕೈಯಲ್ಲಿ ಹಿಡಿದು ಹೋಗಿ ಬರಬೇಕಾಗಿರಲಿಲ್ಲ.

ಮಲಯಾಳಿ ಮಾತಿಗೆ ತಪ್ಪಲಿಲ್ಲ, ಅರ್ಧ ಗಂಟೆಯಲ್ಲಿ ಬಿಸಿಲಿನ ಟಯರ್ ಹಾಕಿಕೊಟ್ಟ. ಪಿಕಪ್ ಈಗ ದಿನಾ ಶಮಾಲಿಗೆ ಹೋಗಿ ಬರುತ್ತಿದೆ. ಅದೇ ವಾರ ಸಂಜೀವಣ್ಣನಿಗೆ ಒಂದು ಮೆಮೊ ಬಂತು: ಸಮಿತಿ ಒಪ್ಪಿದ ಟಯರಿದ್ದ ವಾಹನವನ್ನು ಓಡಿಸಲು ನಿರಾಕರಿಸಿದ್ದಾರೆ. ಇಂಥವು ಮೂರಾದರೆ ಊರಿಗೆ ಟಿಕೆಟ್. ಟಯರ್ ತಪ್ಪೆಂದು ನಾವೇ ಬದಲಿಸಿದೆವಲ್ಲ, ಇದನ್ನು ಹಿಂದಕ್ಕೆ ಪಡೆಯಬಾರದೇ ಎಂದು ಮ್ಯಾನೇಜರನ್ನು ಕೇಳಿದೆ. ಟಯರ್ ವಿಷಯ ಬೇರೆ, ಆತ ಆ ದಿನ ಕೆಲಸಕ್ಕೆ ಹೋಗದಿದ್ದುದು ನಿಜ ತಾನೇ ಎಂದರು. ನಿಜವೇ. ದಾಖಲೆ ದಾಖಲೆಯೇ.

"ಇರ್ಲಿ ಬಿಡಿ ಸರ್, ಎಲ್ರೂ ಮನೆಗೆ ಮುಟ್ತೇವಲ್ಲ," ಎಂದು ಸಂಜೀವಣ್ಣ ಸಹಿ ಹಾಕಿ ಕೊಟ್ಟು ಹೋದರು.

ಹಿಮಕ್ಕೆ ಸಹಿ ಹಾಕಿದ ನಮ್ಮ ಮೂವರ ಫೈಲುಗಳಲ್ಲಿ ಒಂದು ಮೆಮೊವೂ ಇಲ್ಲ. ಆ ಫೈಲುಗಳನ್ನು ನೋಡಿಕೊಳ್ಳುವವನೇ ನಾನು, ನನಗೆ ಗೊತ್ತಿರುವುದಿಲ್ಲವೇ?