ಕೊಸರಿಗೂ ಸುಂಕ

ನನಗೊಂದು ಕೆಟ್ಟ ಅಭ್ಯಾಸ. ಮಾರ್ಕೆಟ್ಟಿನಲ್ಲಿ ಬದನೆಕಾಯಿ ಕೊಂಡರೆ ಕೊಸರು ಕೇಳದೆ ಕದಲುವವನಲ್ಲ. ತೂಗಿದ್ದಾದ ಮೇಲೆ ಅಂಗಡಿಯವಳು ಗೊಣಗುತ್ತ ಇನ್ನೊಂದು ಕಾಯನ್ನು ಚೀಲಕ್ಕೆ ಎಸೆದರೇನೇ ನನಗೆ ವ್ಯಾಪಾರ ಮುಗಿದ ಸಮಾಧಾನ. ಮೈಸೂರಿನಲ್ಲಿ ತಕ್ಕಡಿ ಸಮನಾಗಿ ನಿಂತರೆ ಅದು ಜಿಪುಣತನ, ಸರಕಿನ ಕಡೆ ವಾಲಿದರೆ ಮರ್ಯಾದೆ. ವಿಮಾನದವರಿಗೆ ಈ ಮರ್ಯಾದೆ ಗೊತ್ತಿಲ್ಲವೆಂದು ನನಗೆ ತಿಳಿದದ್ದು ನನ್ನ ಹೆಂಡತಿ ಪದ್ಮ ದೆಹಲಿಗೆ ಹೊರಟಾಗ.

ನಮ್ಮ ಒಬ್ಬಳೇ ಮಗಳು ಅಲ್ಲಿ ತುಂಬು ಗರ್ಭಿಣಿ. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು, ಆದರೆ ರೈಲಿನ ಕುಲುಕಾಟವೂ ವಿಮಾನದ ಹಾರಾಟವೂ ಕೂಡದೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಳಿಯನ ಕಡೆ ಹೆಂಗಸರ ದಿಕ್ಕಿಲ್ಲ. ತವರೇ ಎದ್ದು ಅಲ್ಲಿಗೆ ಹೋಗಬೇಕಾಯಿತು. ದಿನ ಹತ್ತಿರವಾಯಿತೆಂದು ಅಳಿಯ ವಿಮಾನದ ಟಿಕೆಟ್ಟನ್ನೇ ಕಳಿಸಿದ.

ಅಂದಿನಿಂದ ನಾನು ಕೂತಲ್ಲಿ ಕೂರಲಿಲ್ಲ. ಜಗಲಿಗೆ ಬಂದು ಚಾಮುಂಡಿ ಬೆಟ್ಟದ ಮೇಲಿನ ಮೋಡ ನೋಡುವುದು, ಒಳಗೆ ಹೋಗಿ ಟಿಕೆಟ್ಟಿನ ಸಣ್ಣ ಅಕ್ಷರ ಓದುವುದು, ಮತ್ತೆ ಜಗಲಿ. ಇಪ್ಪತ್ತು ಕಿಲೋ ಮೀರಿದರೆ ಹೆಚ್ಚಿನ ಶುಲ್ಕವಂತೆ. ಎಣ್ಣೆಯ ಬೆಲೆ ಏರಿದರೆ ದರವೂ ಏರಬಹುದಂತೆ. ಇದರಲ್ಲಿ ಹೊಸದೇನಿಲ್ಲ. ನಮ್ಮ ಜಟಕಾದವನೂ ಆಗಾಗ "ಉಳ್ಳಿ ತುಟ್ಟಿಯಾಗೋಯ್ತು ಸೋಮಿ" ಎಂದು ಹುರುಳಿಯ ನೆಪದಲ್ಲಿ ಒಂದೆರಡಾಣೆ ಮೇಲೆ ಕೇಳುತ್ತಾನೆ. ಆದರೆ ಅವನು ಕುದುರೆಯ ಮುಖ ತೋರಿಸಿ ಕೇಳುತ್ತಾನೆ. ಅದರ ಮುಖ ನೋಡಿದ ಮೇಲೆ ಇಲ್ಲವೆನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ಪದ್ಮಳಿಗೆ ಸಣ್ಣ ಅಕ್ಷರದ ಚಿಂತೆಯಿಲ್ಲ. ಸಾರಿನ ಪುಡಿ, ಬಾಣಂತಿ ಲೇಹ್ಯ, ಕೂಸಿಗೆ ಹಾಸಲು ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆಗಳು, ಎಲ್ಲ ಟ್ರಂಕಿಗಿಳಿದವು. ಕೊನೆಗೆ ಕೂಸಿನ ಔಷಧಿ ತೇಯುವ ಸಾಣೆಕಲ್ಲೂ ಇಳಿಯಿತು. ನಾನು ಗಾಬರಿಯಾಗಿ ಟ್ರಂಕನ್ನು ಬೀದಿಯ ಕೊನೆಯ ಸೌದೆ ಡಿಪೋಗೆ ಹೊರಿಸಿಕೊಂಡು ಹೋದೆ. ಅಷ್ಟು ದೊಡ್ಡ ತಕ್ಕಡಿ ಇನ್ನೆಲ್ಲೂ ಇರಲಿಲ್ಲ. ಡಿಪೋ ಮಾದಪ್ಪ ಟ್ರಂಕನ್ನು ಒಂದು ತಟ್ಟೆಯಲ್ಲಿಟ್ಟು ಇನ್ನೊಂದಕ್ಕೆ ಬಟ್ಟುಗಳನ್ನು ಪೇರಿಸಿದ.

"ಸರ್ಯಾಗಿ ಇಪ್ಪತ್ತು ಸೋಮಿ. ಮ್ಯಾಲೆ ವಸಿ ಕೊಸ್ರು ಬುಟ್ಟಿವ್ನಿ."

ಟ್ರಂಕಿನ ತಟ್ಟೆ ಧಾರಾಳವಾಗಿ ಕೆಳಗೆ ವಾಲಿತ್ತು. ಹೈಸ್ಕೂಲಿನಲ್ಲಿ ಮಕ್ಕಳಿಗೆ ತಕ್ಕಡಿಯ ತತ್ತ್ವ ಪಾಠ ಮಾಡುವ ನಾನು ಅದನ್ನು ಕಣ್ಣಾರೆ ಕಂಡು, ಎಂಥ ಒಳ್ಳೆಯ ಮನುಷ್ಯ ಎಂದು ಸಂತೋಷಪಟ್ಟು ಮನೆಗೆ ಬಂದೆ. ಕೊಸರಿಗೂ ತೂಕವಿರುತ್ತದೆಂದು ನನಗಾಗಲಿ ಅವನಿಗಾಗಲಿ ಹೊಳೆಯಲಿಲ್ಲ.

ಹೊಳೆದದ್ದು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ. ಯಂತ್ರದ ಮುಳ್ಳು ಇಪ್ಪತ್ತನ್ನು ದಾಟಿ ಮುಂದಕ್ಕೆ ಹೋಯಿತು. ನಮ್ಮ ಮುಂದಿದ್ದ ಒಬ್ಬ ಮಹನೀಯರು ನಮ್ಮಂಥ ಇಬ್ಬರಷ್ಟು ದಪ್ಪವಿದ್ದರು, ಕೈಯಲ್ಲೊಂದು ಪುಟ್ಟ ಚೀಲ. ಅವರನ್ನು ನಗುನಗುತ್ತ ಒಳಗೆ ಬಿಟ್ಟಿದ್ದರು. ಮೈಗೆ ಸುಂಕವಿಲ್ಲ, ಲೇಹ್ಯಕ್ಕುಂಟು! ನಾನು ಗುಮಾಸ್ತನಿಗೆ ಮಾದಪ್ಪನ ಕೊಸರನ್ನು ವಿವರಿಸಿದೆ. ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡ ಹಾಗಾಯಿತು.

ಶುಲ್ಕ ಕಟ್ಟೋಣವೆಂದು ನಾನು ಜೇಬಿಗೆ ಕೈ ಹಾಕಿದರೆ ಪದ್ಮ ಬಿಡಲಿಲ್ಲ. "ನಮ್ಮನೆ ಪುಡಿಗೆ ನಾವ್ಯಾಕೆ ದುಡ್ಡು ಕೊಡ್ಬೇಕು?" ಎಂದು ಅಲ್ಲೇ ಟ್ರಂಕು ಬಿಚ್ಚಿ ತನ್ನ ರೇಷ್ಮೆ ಸೀರೆಗಳನ್ನೆಲ್ಲ ತೆಗೆದು ನನ್ನ ತೋಳಿನ ಮೇಲೆ ಹೊರಿಸಿದಳು. ಮುಳ್ಳು ಇನ್ನೂ ಇಪ್ಪತ್ತಕ್ಕೆ ಇಳಿಯಲಿಲ್ಲ.

"ಆ ಕಲ್ಲು ಬಿಟ್ಟೋಗೇ. ದೆಹಲೀಲಿ ಕಲ್ಲಿಗೆ ಬರವೇ?"

"ಇದರ ಮೇಲೆ ತೇದ ಬಜೆ ನೆಕ್ಕಿಯೇ ಅವಳು ಉಳಕೊಂಡಿದ್ದು. ಮರ್ತುಬಿಟ್ರಾ?"

ಮರೆತಿರಲಿಲ್ಲ. ಮಗಳು ಹಸುಗೂಸಾಗಿದ್ದಾಗ ಕುಡಿದ ಹಾಲೆಲ್ಲ ಕಕ್ಕಿ ಒಣಗುತ್ತಿದ್ದಳು. ಡಾಕ್ಟರು ತಲೆಯಾಡಿಸಿ ಹೋದ ಮೇಲೂ ಪದ್ಮ ಆ ಕಲ್ಲಿನ ಮುಂದಿನಿಂದ ಎದ್ದಿರಲಿಲ್ಲ. ನಾನೇ ಕಲ್ಲನ್ನು ಟ್ರಂಕಿನಿಂದ ಎತ್ತಿ ಪದ್ಮಳ ಕೈಗೆ ಕೊಟ್ಟೆ. ಅವಳು ಗುಮಾಸ್ತನ ಕಡೆ ತಿರುಗಿದಳು.

"ಏನಪ್ಪಾ, ಮಡಿಲಲ್ಲಿಟ್ಕೊಂಡ್ರೂ ತೂಗ್ತೀರಾ?"

ಅವನು ಕಲ್ಲನ್ನು ನೋಡಿದ, ಅವಳನ್ನು ನೋಡಿದ, ನಕ್ಕ. "ಮಡಿಲಲ್ಲಿರೋದಕ್ಕೆ ತೂಕ ಇಲ್ಲ ತಾಯಿ, ಹೋಗಿ."

ಸೀರೆಯ ಗಂಟಿನೊಡನೆ ಮೈಸೂರಿಗೆ ಮರಳಿ ಮಾದಪ್ಪನಿಗೆ ವರದಿ ಒಪ್ಪಿಸಿದೆ. "ಕೊಸ್ರಿಗೂ ಕಾಸಾ? ಅಂಥೋರತ್ರ ಯಾವಾರವೇ ಮಾಡ್ಬಾರ್ದು ಬುಡಿ!" ಎಂದು ಅವನು ನನಗಿಂತ ಹೆಚ್ಚು ನೊಂದುಕೊಂಡ. ಆಮೇಲೆ ಮತ್ತೆ ಜಗಲಿ, ಮೋಡ. ಪದ್ಮ ತಲುಪಿದಳೆಂಬ ತಂತಿ ಬರುವವರೆಗೆ ಊಟವೂ ರುಚಿಸಲಿಲ್ಲ.

ಬಾಣಂತನ ಮುಗಿಸಿ ಪದ್ಮ ಮಗಳೊಂದಿಗೆ ವಿಮಾನದಿಂದ ಇಳಿದಾಗ ನಾನು ಬೇಲಿಯಾಚೆ ಕಾದಿದ್ದೆ. "ಕಲ್ಲಿಗೆ ಈ ಸಲ ಶುಲ್ಕ ಕಟ್ಟಿದೆ ಕಣ್ರೀ," ಎಂದಳು, "ಮಡಿಲು ಖಾಲಿ ಇರ್ಲಿಲ್ಲ." ಹಾಗೆನ್ನುತ್ತ ಮೊಮ್ಮಗಳನ್ನು ನನ್ನ ಕೈಗಿಟ್ಟಳು. ಎಷ್ಟು ಕಟ್ಟಿದೆಯೆಂದು ಕೇಳಬೇಕೆಂದಿದ್ದೆ. ಕೊಸರು ಕೈಗೆ ಬಂದ ಮೇಲೆ ಯಾವ ವ್ಯಾಪಾರದಲ್ಲೂ ನಾನು ಚೌಕಾಸಿ ಮಾಡಿದವನಲ್ಲ.