ಪಾಳಿ ಬಿಟ್ಟುಕೊಟ್ಟ ಹುಲಗಪ್ಪ

ಸುರಪುರದ ಪುಸ್ತಕ ಬಿಡುಗಡೆ ಸಭೆಯಲ್ಲಿ ಮುಖ್ಯ ಅತಿಥಿಗಳು ಬಣ್ಣದ ಕಾಗದ ಬಿಚ್ಚಿ, ಪುಸ್ತಕವನ್ನು ಎದೆಮಟ್ಟಕ್ಕೆ ಹಿಡಿದು ಫೋಟೋಕ್ಕೆ ನಿಂತದ್ದೇ ತಡ, ಮುಂದಿನ ಸಾಲಿನವರು ನಗತೊಡಗಿದರು. ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ‘ದಿನವಹಿ ನೀರಿನ ಮಟ್ಟ’ ಎಂದಿತ್ತು. ಗುಲಬರ್ಗಾದ ಪ್ರಕಾಶಕರು ಬೆಳಗಿನ ಬಸ್ಸಿಗೆ ಹಾಕುತ್ತೇವೆಂದಿದ್ದ ಪ್ರತಿಗಳು ಬಂದಿರಲಿಲ್ಲ. ಮಾನ ಮುಚ್ಚಲು ಲೇಖಕ ಹುಲಗಪ್ಪ ತನ್ನ ಚೀಲದಲ್ಲಿದ್ದ ಕಾಲುವೆ ಕಚೇರಿಯ ರಿಜಿಸ್ಟರನ್ನೇ ಸುತ್ತಿ ಕೊಟ್ಟಿದ್ದ. ದೊಡ್ಡವರು ಬಿಚ್ಚದೆಯೇ ಎತ್ತಿ ತೋರಿಸುತ್ತಾರೆಂದು ನಂಬಿದ್ದ, ಪಾಪ.

ಹುಲಗಪ್ಪ ಶಹಾಪುರದ ಹತ್ತಿರ ಒಂದು ಉಪಕಾಲುವೆಯ ಗೇಟು ಎತ್ತಿ ಇಳಿಸುವ ಕೆಲಸದವ. ಅಲ್ಲಿ ಹೊಲಗಳಿಗೆ ನೀರು ಪಾಳಿಯ ಮೇಲೆ. ನಿಮ್ಮ ಪಾಳಿಯನ್ನು ಅವಸರವಿದ್ದ ನೆರೆಯವನಿಗೆ ಬಿಟ್ಟುಕೊಟ್ಟರೆ, ಮುಂದಿನ ಸುತ್ತಿನಲ್ಲಿ ಅವನು ನಿಮಗೆ ಬಿಟ್ಟುಕೊಡಬೇಕು. ಇದಕ್ಕೆ ಕಾಗದವಿಲ್ಲ, ಪತ್ರವಿಲ್ಲ. ತಪ್ಪಿದವನ ಬೀಡಿಗೆ ಮಾತ್ರ ಊರಲ್ಲಿ ಯಾರೂ ಬೆಂಕಿ ಕೊಡುವುದಿಲ್ಲ.

ಗೇಟಿನ ಪಕ್ಕದ ಕೋಣೆಯಲ್ಲಿ ಕೂತು ಹುಲಗಪ್ಪ ಆರು ವರ್ಷ ಒಂದು ಕಾದಂಬರಿ ಬರೆದ. ಜೋಳದ ಊರೊಂದು ಕಾಲುವೆ ಬಂದು ಭತ್ತದ ಊರಾದ ಕಥೆ. ಗುಲಬರ್ಗಾದವರು ಒಪ್ಪಿ ಕರಾರುಪತ್ರ ಮುಂದಿಟ್ಟರು. ‘ಲೇಖಕರು ಕೃತಿಯ ಸರ್ವ ಹಕ್ಕುಗಳನ್ನು ಪ್ರಕಾಶಕರಿಗೆ ಬಿಟ್ಟುಕೊಟ್ಟಿದ್ದಾರೆ’ ಎಂಬ ಸಾಲಿಗೆ ಬಂದಾಗ ಅವನಿಗೆ ತನ್ನೂರಿನ ಮಾತು ಕೇಳಿದಂತಾಯಿತು. ಬಿಟ್ಟುಕೊಟ್ಟರೇನು, ಈ ಸುತ್ತು ಅವರದು, ಮುಂದಿನ ಸುತ್ತು ನನ್ನದು! ಸಹಿ ಹಾಕಿಬಿಟ್ಟ. ಎಷ್ಟು ದಿನದೊಳಗೆ ಅಚ್ಚು ಹಾಕಬೇಕು, ಹಾಕದಿದ್ದರೆ ಯಾವಾಗ ಮರಳಿಸಬೇಕು ಎಂಬುದು ಅದರಲ್ಲಿ ಎಲ್ಲೂ ಇರಲಿಲ್ಲ. ಹಸ್ತಪ್ರತಿಯಲ್ಲಿ ಹಸ್ತ ಇವನದು, ಪ್ರತಿ ಅವರದು.

ಏಳು ವರ್ಷ ಕಳೆದವು. ಹೋದಾಗಲೆಲ್ಲ ಪ್ರಕಾಶಕರು ಚಹಾ ತರಿಸಿ, “ನಿಮ್ಮದು ಪಾಳಿಯೊಳಗ ಅದರಿ” ಎನ್ನುತ್ತಿದ್ದರು. ಪಾಳಿ ಎಂದ ಮೇಲೆ ಹುಲಗಪ್ಪ ಎದುರಾಡುವುದುಂಟೆ? ಹೆಂಡತಿ ಮರಿಲಿಂಗಮ್ಮನಿಗೆ ಅಂಥ ಮುಲಾಜಿರಲಿಲ್ಲ. “ಊರಿಗೆಲ್ಲಾ ನೀರು ಬಿಡುಗಡಿ ಮಾಡ್ತೀರಿ. ನಿಮ್ಮದೊಂದು ಬುಕ್ಕು ಬಿಡುಗಡಿ ಮಾಡಾಕ ಆಗವಲ್ದು!”

ಕೊನೆಗೊಮ್ಮೆ ಪ್ರಕಾಶಕರು ‘ಪುಸ್ತಕ ಸಿದ್ಧ’ ಎಂದದ್ದನ್ನು ನಂಬಿ ಇಟ್ಟುಕೊಂಡ ಆ ಸುರಪುರದ ಸಭೆ ಮುಗಿದ ಮೇಲೆ ಹುಲಗಪ್ಪನನ್ನು ಕೈ ಹಿಡಿದು ಹೊರಗೆ ಕರೆತಂದವನು ಸುರಪುರದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಯಾಕೂಬಸಾಬ.

“ನಾ ಹಾಕ್ತೀನಿ ತಗೋ ನಿನ್ನ ಕಾದಂಬರಿ. ಮೊದಲ ಅವರ ಕಡಿಂದ ಹಕ್ಕು ವಾಪಸ್ ಬರಸ್ಕೊಂಡು ಬಾ.”

“ಕೊಡ್ತಾರಂತೀ?”

“ಕೇಳೋ ಮಾರಾಯ. ಮತ್ತ ಕೇಳಿಲ್ಲಿ. ಇನ್ನ ಮ್ಯಾಲ ಎಲ್ಲೇ ಸಹಿ ಮಾಡು, ಮೂರು ನೋಡು. ಎಷ್ಟು ವರ್ಷಕ್ಕ ಬರ್ಕೊಂಡಾರ, ಹಾಕದಿದ್ರ ಯಾವಾಗ ತಿರುಗಿ ಕೊಡ್ತಾರ, ಮುಂದಿನ ಬುಕ್ಕಿನ ಮ್ಯಾಲೂ ಕೈ ಇಟ್ಟಾರೇನು. ಒಂದು ಸಲ ಹೇಳು.”

ಹುಲಗಪ್ಪ ಮಗ್ಗಿಯಂತೆ ಒಪ್ಪಿಸಿದ. ಪ್ರಕಾಶಕರಲ್ಲಿಗೆ ಹೊರಟ ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ. ಗುಲಬರ್ಗಾ ಮುಟ್ಟಿದಾಗ ಪಕ್ಕದ ಸೀಟಿನ ಮುದುಕಿಗೂ ಮೂರೂ ಬಂದಿದ್ದವು.

ಪ್ರಕಾಶಕರು ಈ ಸಲ ಚಹಾದ ಜೊತೆ ಖಾರಾ ತರಿಸಿದರು. ಕಾದಂಬರಿ ಅಚ್ಚಿಗೆ ಹೋಗಿಯೇ ಇಲ್ಲವೆಂದು ನಕ್ಕು ಒಪ್ಪಿಕೊಂಡರು. ಹಕ್ಕು ಮರಳಿಸುವ ಪತ್ರವನ್ನು ಅಲ್ಲೇ ಟೈಪು ಮಾಡಿಸಿದರು. ಅದರ ಕೆಳಗೆ ಇನ್ನೊಂದು ಕಾಗದ ಸೇರಿಸಿ, “ಹಳೇದು ಬಿಟ್ಟುಕೊಟ್ವಿ. ಮುಂದ ಬರಿಯೋ ಹೊಸಾದು ನಮಗ ಬಿಟ್ಟುಕೊಡಬೇಕಲ್ಲ, ಹುಲಗಪ್ಪನವರ?” ಎಂದರು.

ಬಿಟ್ಟುಕೊಟ್ಟವರಿಗೆ ಬಿಟ್ಟುಕೊಡದಿದ್ದರೆ ಹೇಗೆ? ಹುಲಗಪ್ಪ ಎಂದೂ ಯಾರ ಪಾಳಿಯನ್ನೂ ನುಂಗಿದವನಲ್ಲ.

ಮರುದಿನ ಸುರಪುರದ ಪ್ರೆಸ್ಸಿನಲ್ಲಿ ಹಕ್ಕಿನ ಪತ್ರ ನೋಡಿ ಯಾಕೂಬಸಾಬ ಅವನ ಬೆನ್ನು ತಟ್ಟಿದ. ಅದರ ಹಿಂದೆಯೇ ಬಂದ ಹೊಸ ಕರಾರುಪತ್ರದ ಕೆಳಗೆ ಹುಲಗಪ್ಪನ ಸಹಿ ಕಂಡು ಕೈ ಅಲ್ಲೇ ನಿಂತಿತು.

“ಹುಲಗಪ್ಪಾ, ಈ ಸಲರೆ ಪೂರಾ ಓದಿದ್ಯೋ ಇಲ್ಲೋ?”

“ಒಂದಕ್ಷರ ಬಿಡದಂಗ ಓದೀನೋ,” ಎಂದ ಹುಲಗಪ್ಪ. “ವಾಪಸ್ ಬರೋ ಬಸ್ಸಿನಾಗ.”